ಗ್ರೂಪಿನಲ್ಲಿ ಇಲ್ಲದ 19 ಜನ

ನಿಮ್ಮ ಫೋನಿನಲ್ಲೂ ಅಂಥದ್ದೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದ್ದೇ ಇರುತ್ತದೆ. ಹೆಸರು ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಥರ. 'ಎಸ್ಸೆಸ್ಸೆಲ್ಸಿ ಬ್ಯಾಚ್', ಪಕ್ಕದಲ್ಲೊಂದು ಇಸವಿ, ಅದರ ಪಕ್ಕ ಕೈಮುಗಿದ ಎಮೋಜಿ. ಆಫೀಸ್ ಗ್ರೂಪು, ಪಿಜಿ ಗ್ರೂಪು, ಫ್ಯಾಮಿಲಿ ಗ್ರೂಪುಗಳ ನಡುವೆ ಮ್ಯೂಟ್ ಆಗಿ ಬಿದ್ದಿರುತ್ತದೆ. ಬೆಳಗ್ಗೆ ಒಬ್ಬ ಗುಡ್ ಮಾರ್ನಿಂಗ್ ಹೂವು ಹಾಕ್ತಾನೆ, ಇಬ್ಬರು ಹೆಬ್ಬೆರಳು ತೋರಿಸ್ತಾರೆ, ಅಲ್ಲಿಗೆ ದಿನ ಮುಗಿಯಿತು.

ಆದರೆ ಯಾರಾದರೂ ಹಳೇ ಗ್ರೂಪ್ ಫೋಟೋ ಹುಡುಕಿ ಹಾಕಿದರೆ ನೋಡಿ. ಕುರ್ಚಿಯಲ್ಲಿ ಮೇಷ್ಟ್ರುಗಳು, ಅವರ ಕಾಲ ಬಳಿ ನೆಲದ ಮೇಲೆ ಕೂತ ಮೊದಲ ಸಾಲು, ಹಿಂದೆ ಬೆಂಚು ಹತ್ತಿ ನಿಂತ ಉದ್ದದ ಹುಡುಗರು, ಮಧ್ಯೆ ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ವರ್ಷ. "ಎಡಗಡೆಯಿಂದ ಮೂರನೆಯವನು ಯಾರ್ಲಾ?" "ನಾನೇ ಕಣೋ." "ಅಷ್ಟೊಂದು ಕೂದಲಿತ್ತಾ ನಿಂಗೆ?" ಮ್ಯೂಟ್ ತೆಗೆದವರೆಲ್ಲ ಬಂದು ಕೂತುಬಿಡುತ್ತಾರೆ. ಪೀಣ್ಯದ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್‌ನಲ್ಲಿರೋನು, ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಮೀಟಿಂಗಿನಲ್ಲಿರೋಳು, ದುಬೈನಲ್ಲಿರೋನು, ಊರಲ್ಲೇ ತೆಂಗಿನ ತೋಟ ನೋಡ್ಕೊಂಡಿರೋನು ಎಲ್ಲರೂ ಒಟ್ಟಿಗೆ. ಮ್ಯಾನೇಜರ್ ಮಾತಾಡ್ತಿದ್ದಾಗ ಕ್ಯಾಮೆರಾ ಆಫ್ ಮಾಡಿ ನಕ್ಕಿದ್ದು ನಿಮಗೂ ನೆನಪಿರಬಹುದು.

ನಮ್ಮದು ತಿಪಟೂರು ಕಡೆಯ ಒಂದು ಹೋಬಳಿ ಊರಿನ ಸರ್ಕಾರಿ ಹೈಸ್ಕೂಲು. 2011-12ರ ಬ್ಯಾಚು. ಈಚೆಗೆ ನಮ್ಮಲ್ಲೂ ಒಂದು ಗುರುವಂದನಾ ಕಾರ್ಯಕ್ರಮ ನಡೆಯಿತು. ಅದರ ತಯಾರಿಯಲ್ಲಿ ಆದ ಕೆಲವು ಸಂಗತಿಗಳನ್ನ ಈ ಸಲದ ಅಂಕಣದಲ್ಲಿ ಹೇಳಬೇಕು ಅನ್ನಿಸಿತು. ಯಾಕೆಂದರೆ ಈಗ ಪ್ರತಿ ಊರಿನಲ್ಲೂ 'ಗುರುವಂದನೆ ಮತ್ತು ಸ್ನೇಹ ಸಮ್ಮಿಲನ'ದ ಫ್ಲೆಕ್ಸ್ ಕಾಣುತ್ತಿದೆ. ನಿಮ್ಮ ಬ್ಯಾಚಿನದ್ದೂ ಇವತ್ತಲ್ಲ ನಾಳೆ ಬರುತ್ತದೆ.

ಸೈಕಲ್, ಸಾರು, ಸಿಕ್ಸರ್

ನೆನಪು ಅಂದರೆ ಮೊದಲು ಬರೋದು ಸೈಕಲ್ಲು. ಎಂಟನೇ ಕ್ಲಾಸಿನವರಿಗೆ ಸರ್ಕಾರದ ಉಚಿತ ಸೈಕಲ್ 2006-07ರಲ್ಲಿ ಶುರುವಾಗಿತ್ತು. ನಾವು ಎಂಟಕ್ಕೆ ಸೇರುವ ಹೊತ್ತಿಗೆ ಅದು ಹೈಸ್ಕೂಲಿನ ಹಬ್ಬವೇ ಆಗಿತ್ತು. ಎಲ್ಲ ಸೈಕಲ್ಲೂ ಒಂದೇ ಬಣ್ಣ, ಒಂದೇ ಅಳತೆ. ಸಂಜೆ ಬೆಲ್ ಹೊಡೆದ ಮೇಲೆ ಯಾರದು ಯಾವುದು ಅಂತ ಗೊತ್ತಾಗದೆ ದೊಡ್ಡ ಗಲಾಟೆ. ಅದಕ್ಕೇ ಒಬ್ಬ ಹ್ಯಾಂಡಲಿಗೆ ಕೆಂಪು ಟೇಪು ಸುತ್ತಿದ, ಇನ್ನೊಬ್ಬ ಮಡ್‌ಗಾರ್ಡಿನ ಮೇಲೆ ದರ್ಶನ್ ಸ್ಟಿಕರ್ ಅಂಟಿಸಿದ, ಮತ್ತೊಬ್ಬಳು ಸೀಟಿಗೆ ಅಮ್ಮನ ಹಳೇ ಸೀರೆಯ ಬಟ್ಟೆಯಲ್ಲಿ ಕವರ್ ಹೊಲಿಸಿದಳು. ಮೊದಲ ವಾರದಲ್ಲೇ ನಟ್ಟು ಸಡಿಲವಾಗಿ ಊರಿನ ಸೈಕಲ್ ಶಾಪಿನವನಿಗೆ ಸುಗ್ಗಿ. ಇನ್ನು ಮನೆಗೆ ಹೋದ ಮೇಲೆ ಸೈಕಲ್ಲು ನಮ್ಮದಲ್ಲ, ಅಪ್ಪನದು. ಹಿಂದಿನ ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ, ಹ್ಯಾಂಡಲಿಗೆ ಹಾಲಿನ ಕ್ಯಾನು.

ಗ್ರೂಪಿನಲ್ಲಿ ಇದರ ಮಾತು ಬಂದಾಗ ಒಬ್ಬಳು ಬರೆದಳು: "ಸೈಕಲ್ ಬರದೇ ಇದ್ದಿದ್ರೆ ನನ್ನನ್ನ ಏಳಕ್ಕೇ ಬಿಡಿಸ್ತಿದ್ರು. ನಾಲ್ಕು ಕಿಲೋಮೀಟರ್ ನಡ್ಕೊಂಡು ಹೋಗೋದು ಬೇಡ ಅಂತ ಅಜ್ಜಿ ಹಟ ಹಿಡಿದಿದ್ರು." ಅವಳೀಗ ತುಮಕೂರಿನಲ್ಲಿ ಸ್ಟಾಫ್ ನರ್ಸ್.

ಆಮೇಲೆ ಬಿಸಿಯೂಟ. ಪ್ರೈಮರಿಯವರಿಗೆ ಮೊದಲೇ ಇದ್ದದ್ದು 2007ರಲ್ಲಿ ಹೈಸ್ಕೂಲಿಗೂ ಬಂದಿತ್ತು. ಕ್ಷೀರಭಾಗ್ಯದ ಹಾಲು ಶುರುವಾಗಿದ್ದು 2013ರ ಆಗಸ್ಟ್‌ನಲ್ಲಿ, ನಾವು ಹೊರಗೆ ಬಂದ ಮೇಲೆ. "ನಮ್ಮ ತಮ್ಮಂದಿರು ಹಾಲು ಕುಡಿದ್ರು, ನಾವು ಬರೀ ಸಾರು ಕುಡಿದ್ವಿ" ಅಂತ ಗ್ರೂಪಿನಲ್ಲಿ ಈಗಲೂ ಗೊಣಗುವವರಿದ್ದಾರೆ. ತಟ್ಟೆ ಹಿಡಿದು ಸಾಲು ನಿಲ್ಲೋದು, ಅಡುಗೆ ಅಕ್ಕ ಯಾರಿಗೆ ತಳದ ಬೇಳೆ ಹಾಕ್ತಾರೆ ಅಂತ ಲೆಕ್ಕ ಇಡೋದು, ಕೊಳಾಯಿ ಹತ್ತಿರ ತಟ್ಟೆ ತೊಳೆಯುವಾಗ ನೀರೆರಚಾಟ. ಶನಿವಾರ ಬೆಳಗಿನ ಸ್ಕೂಲು, ಉಪ್ಪಿಟ್ಟಿನ ವಾಸನೆ ಬರುತ್ತಿದ್ದ ಹಾಗೆ ಹಿಂದಿನ ಬೆಂಚಿನವರಿಗೆ ಬೀಜಗಣಿತ ಕಿವಿಗೆ ಬೀಳುತ್ತಿರಲಿಲ್ಲ.

2011ರ ಏಪ್ರಿಲ್ 2. ವರ್ಲ್ಡ್ ಕಪ್ ಫೈನಲ್. ಊರಲ್ಲಿ ಕರೆಂಟ್ ಹೋಯಿತು. ಯಾರೋ ಟ್ರ್ಯಾಕ್ಟರ್ ಬ್ಯಾಟರಿ ತಂದು ಟಿವಿಗೆ ಹಚ್ಚಿದರು ಅಂತ ಒಬ್ಬ ಹೇಳ್ತಾನೆ. ಇಲ್ಲ, ಪಂಚಾಯಿತಿ ಕಟ್ಟೆ ಮೇಲೆ ರೇಡಿಯೋದಲ್ಲಿ ಕೇಳಿದ್ದು ಅಂತ ಇನ್ನೊಬ್ಬ. ಧೋನಿ ಸಿಕ್ಸರ್ ಹೊಡೆದಾಗ ಒಬ್ಬನ ಚಪ್ಪಲಿ ಹಾರಿ ಹೆಂಚಿನ ಮೇಲೆ ಬಿದ್ದದ್ದು ಮಾತ್ರ ಇಬ್ಬರೂ ಒಪ್ಪುವ ಸತ್ಯ.

ಮೊಬೈಲು ಇಡೀ ಕ್ಲಾಸಿಗೆ ಒಂದು. ಒಬ್ಬನ ಅಣ್ಣನ ಚೈನಾ ಸೆಟ್ಟು. ಅದರ ಮೆಮೊರಿ ಕಾರ್ಡಿನಲ್ಲಿ 'ಜಾಕಿ' ಹಾಡುಗಳು, ಆಮೇಲೆ 'ಪರಮಾತ್ಮ' ಹಾಡುಗಳು. ಸೈಕಲ್ ಸ್ಟ್ಯಾಂಡಿನ ಹಿಂದೆ ಹತ್ತು ಜನ ತಲೆ ಸೇರಿಸಿ ಕೇಳುತ್ತಿದ್ದೆವು. ಅಪ್ಪು ಹೋದ ದಿನ, 2021ರ ಅಕ್ಟೋಬರ್ 29ರಂದು, ಗ್ರೂಪಿನಲ್ಲಿ ಯಾರೂ ಜಾಸ್ತಿ ಬರೆಯಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಒಬ್ಬ "ಸೈಕಲ್ ಸ್ಟ್ಯಾಂಡ್ ನೆನಪಾಯ್ತು ಮಗಾ" ಅಂತ ಹಾಕಿದ. ಅಷ್ಟೇ. ಎಲ್ಲರಿಗೂ ಅರ್ಥವಾಯಿತು.

ಇನ್ನು ಹುಡುಗ ಹುಡುಗಿಯರ ಮಾತು. ಮೂರು ವರ್ಷ ಒಂದೇ ರೂಮಿನಲ್ಲಿ ಕೂತು ನಾವಾಡಿದ ಮಾತುಗಳನ್ನ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದು. "ನೋಟ್ಸ್ ಕೊಡಿ." "ಮೇಡಮ್ ಕರೀತಿದಾರೆ, ಬನ್ನಿ." ಹದಿನಾಲ್ಕು ವರ್ಷದ ಹುಡುಗ ಹದಿನಾಲ್ಕು ವರ್ಷದ ಹುಡುಗಿಗೆ ಬಹುವಚನ! ಈಗ ಅದೇ ಗ್ರೂಪಿನಲ್ಲಿ "ಲೋ ಹೋಗೋ, ನಿನ್ ಮುಖಕ್ಕೆ" ಅಂತ ಬೈಸಿಕೊಳ್ಳುವಾಗ ಆಗುವ ಸಂತೋಷವೇ ಬೇರೆ.

ಬೆಲ್ಲಿನ ಹಗ್ಗ ಕತ್ತರಿಸಿದ್ದು ಯಾರು?

ಹೈಸ್ಕೂಲಿನ ಮೂರು ವರ್ಷ ಇಷ್ಟು ಗಟ್ಟಿಯಾಗಿ ಯಾಕೆ ನೆನಪಿರುತ್ತದೆ? ಡಿಗ್ರಿಯ ಮೂರು ವರ್ಷ ಮಸುಕು, ಮೊದಲ ಕಂಪನಿಯ ಎರಡು ವರ್ಷ ಬರೀ ಟ್ರಾಫಿಕ್ಕು. ಮನಶ್ಶಾಸ್ತ್ರದವರು ಇದನ್ನ ಗಮನಿಸಿದ್ದಾರೆ. ನಲವತ್ತು ದಾಟಿದವರನ್ನು ಕೂರಿಸಿ ಬದುಕಿನ ನೆನಪುಗಳನ್ನು ಹೇಳಿ ಅಂದರೆ, ಸುಮಾರು 10ರಿಂದ 30 ವಯಸ್ಸಿನ ನಡುವಿನವೇ ಉಳಿದ ಕಾಲದ್ದಕ್ಕಿಂತ ಜಾಸ್ತಿ ಬರುತ್ತವಂತೆ. ನೆನಪಿನ ಗೆರೆ ಎಳೆದರೆ ಆ ಜಾಗದಲ್ಲಿ ಒಂದು ಉಬ್ಬು ಕಾಣುತ್ತದೆ. ಅದಕ್ಕೆ ಕೊಡುವ ಕಾರಣಗಳಲ್ಲಿ ಒಂದು ಸರಳವಾದದ್ದು: ಆ ವಯಸ್ಸಿನಲ್ಲಿ ಆಗೋದೆಲ್ಲ ಮೊದಲ ಸಲ. ಮೊದಲ ಸಲ ಊರು ಬಿಟ್ಟು ಟೂರ್ ಹೋಗೋದು, ಮೊದಲ ಸಲ ಸ್ಟೇಜ್ ಹತ್ತೋದು, ಮೊದಲ ಸಲ ಒಬ್ಬರನ್ನ ನೋಡಿ ಎದೆ ಢವಢವ ಅನ್ನೋದು. ಎರಡನೇ ಸಲದ್ದನ್ನ ಮನಸ್ಸು ಅಷ್ಟು ಜೋಪಾನವಾಗಿ ಎತ್ತಿಡುವುದಿಲ್ಲ.

ನಮ್ಮ ಕಾಲದಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಮೂರು ವರ್ಷಕ್ಕೆ ನಮ್ಮ ಹತ್ತಿರ ಇರೋದು ಒಂದು ಗ್ರೂಪ್ ಫೋಟೋ, ಶಿವನಸಮುದ್ರದ ಟೂರಿನ ನಾಲ್ಕು ಫೋಟೋ, ಹಾಲ್ ಟಿಕೆಟ್ಟಿನ ಕಪ್ಪು ಮುಖ. ಉಳಿದದ್ದೆಲ್ಲ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಚೂರು. ಒಬ್ಬನಿಗೆ ಮೇಷ್ಟ್ರ ಡೈಲಾಗ್ ನೆನಪು, ಒಬ್ಬಳಿಗೆ ಆ ದಿನ ಯಾರು ಯಾವ ಬಣ್ಣದ ರಿಬ್ಬನ್ ಹಾಕಿದ್ದರು ಅಂತ ನೆನಪು. ಎಲ್ಲ ಚೂರೂ ಸೇರಿಸಿದರೆ ಮಾತ್ರ ಆ ದಿನ ಎದ್ದು ಬರುತ್ತದೆ.

ಸೇರಿಸುವಾಗ ಜಗಳವೂ ಆಗುತ್ತದೆ. ನಮ್ಮಲ್ಲಿ ಇವತ್ತಿಗೂ ಇತ್ಯರ್ಥವಾಗದ ಕೇಸು ಒಂದಿದೆ. ಪ್ರಿಪರೇಟರಿ ಪರೀಕ್ಷೆಯ ಹಿಂದಿನ ದಿನ ಬೆಲ್ಲಿನ ಹಗ್ಗ ಕತ್ತರಿಸಿದ್ದು ಯಾರು? ನಾಲ್ಕು ಜನ ನಾನೇ ಅಂತಾರೆ. ಅವತ್ತು ಹೆಡ್ ಮೇಷ್ಟ್ರು ಕೇಳಿದಾಗ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ, ಈಗ ನಾಲ್ಕು ಜನ ಕ್ರೆಡಿಟ್ಟಿಗೆ ನಿಂತಿದ್ದಾರೆ. ಯಾರೂ ಸುಳ್ಳು ಹೇಳುತ್ತಿಲ್ಲ ಅನ್ನೋದೇ ತಮಾಷೆ. ನೆನಪು ಅಂದರೆ ಬೀರುವಿನಿಂದ ಫೈಲು ತೆಗೆದ ಹಾಗಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವ ಕೆಲಸ ಅಂತ ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ಪುಸ್ತಕ ಬರೆದಿದ್ದರು. ಹತ್ತು ಸಲ ಕೇಳಿದ ಕಥೆಯೊಳಗೆ ನಾವೇ ಹೋಗಿ ನಿಂತುಬಿಡುತ್ತೇವೆ. ಹಗ್ಗದ ಕೇಸಿನಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಎಲ್ಲ ಕೇಸೂ ಹಗ್ಗದಂಥದ್ದಲ್ಲ.

ಹಾಜರಿ ಪುಸ್ತಕ ತೆರೆದಾಗ

ಗುರುವಂದನೆ ಮಾಡೋಣ ಅಂತ ತೀರ್ಮಾನವಾದ ಮೇಲೆ ಮೊದಲ ಪ್ರಶ್ನೆ: ಎಷ್ಟು ಜನ ಬರ್ತಾರೆ? ಗ್ರೂಪಿನಲ್ಲಿ 27 ಜನ ಇದ್ದೆವು. ಲಾಕ್‌ಡೌನಿನಲ್ಲಿ ಒಬ್ಬರಿಂದೊಬ್ಬರು ನಂಬರ್ ಸಿಕ್ಕಿ ಕಟ್ಟಿದ ಗ್ರೂಪು ಅದು. ಇಷ್ಟೇ ಜನ ಅಂತಲೇ ಬಹಳ ಮಂದಿ ಅಂದುಕೊಂಡಿದ್ದರು. ಊರಲ್ಲೇ ಇರುವ ಗೆಳೆಯನೊಬ್ಬ ಸ್ಕೂಲಿಗೆ ಹೋಗಿ ಹಳೇ ಹಾಜರಿ ಪುಸ್ತಕ ನೋಡಿ ಬಂದ. ಹತ್ತನೇ ಕ್ಲಾಸಿನ ಪಟ್ಟಿಯಲ್ಲಿ 46 ಹೆಸರು.

ಹತ್ತೊಂಬತ್ತು ಜನ ಎಲ್ಲಿ ಹೋದರು?

ಹೆಸರು ಹೆಸರೇ ಹಿಡಿದು ಲೆಕ್ಕ ಹಾಕಿದೆವು. ಅದರಲ್ಲಿ 12 ಜನ ಹುಡುಗಿಯರು. ನಮ್ಮ ಕ್ಲಾಸಿನಲ್ಲಿ 20 ಹುಡುಗಿಯರಿದ್ದರು, ಗ್ರೂಪಿನಲ್ಲಿ ಇದ್ದದ್ದು ಎಂಟೇ. ಉಳಿದ ಏಳು ಹುಡುಗರಲ್ಲಿ ಒಬ್ಬ ಹೈವೇಯಲ್ಲಿ ಬೈಕ್ ಅಪಘಾತದಲ್ಲಿ ಹೋಗಿ ಕೆಲವು ವರ್ಷಗಳೇ ಆಗಿದ್ದವು. ಅದು ಗೊತ್ತಿಲ್ಲದವರು ಗ್ರೂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ. ನಾಲ್ಕು ಜನ ಹತ್ತರಲ್ಲಿ ಫೇಲಾಗಿ ಓದು ಬಿಟ್ಟವರು. ಒಬ್ಬ ಎಲ್ಲಿದ್ದಾನೆ ಅಂತಲೇ ಯಾರಿಗೂ ಗೊತ್ತಿಲ್ಲ. ಇನ್ನೊಬ್ಬ ಗ್ರೂಪಿಗೆ ಸೇರಿಸಿದ ದಿನವೇ 'ಲೆಫ್ಟ್' ಆಗಿದ್ದ.

ಈ ಪಟ್ಟಿಯನ್ನ ಸ್ವಲ್ಪ ಹೊತ್ತು ನೋಡಿ. ಯಾರು ಗ್ರೂಪಿನಲ್ಲಿಲ್ಲ? ಮದುವೆಯಾಗಿ ಬೇರೆ ಊರಿಗೆ ಹೋದವರು. ಪರೀಕ್ಷೆಯಲ್ಲಿ ಹಿಂದೆ ಬಿದ್ದವರು. ನಾವು 'ನಮ್ಮ ಬ್ಯಾಚು' ಅಂತ ಕರೆಯುತ್ತಿದ್ದದ್ದು ಪಾಸಾಗಿ, ಕೆಲಸ ಹಿಡಿದು, ಸ್ವಂತ ನಂಬರಿನ ಫೋನು ಇಟ್ಟುಕೊಂಡವರ ಗುಂಪನ್ನ. ನಿಮ್ಮ ಗ್ರೂಪನ್ನೂ ಒಮ್ಮೆ ಹಾಜರಿ ಪುಸ್ತಕದ ಜೊತೆ ಇಟ್ಟು ನೋಡಿ, ಅಲ್ಲೂ ಹೀಗೇ ಇರಬಹುದು.

625ಕ್ಕೆ ಬಂದ ಅಂಕ ಒಬ್ಬ ಮನುಷ್ಯನನ್ನ ಎಷ್ಟು ದೂರ ಹಿಂಬಾಲಿಸುತ್ತದೆ ಅಂತ ಆಗಲೇ ಗೊತ್ತಾಗಿದ್ದು. ರಿಸಲ್ಟ್ ದಿನ ಇಂಟರ್‌ನೆಟ್ ಸೆಂಟರಿನ ಮುಂದೆ ಹತ್ತು ರೂಪಾಯಿ ಹಿಡಿದು ಸಾಲು ನಿಂತದ್ದು ನಮಗೆಲ್ಲ ಸಿಹಿ ನೆನಪು. ಆ ಸಾಲಿನಿಂದ ಸೈಕಲ್ ತಳ್ಳಿಕೊಂಡು ಸುಮ್ಮನೆ ಹೊರಟವರಿಗೆ? ಆ ನಾಲ್ವರಲ್ಲಿ ಒಬ್ಬ ಈಗ ಜೆಸಿಬಿ ಇಟ್ಟುಕೊಂಡಿದ್ದಾನೆ, ನಮ್ಮಲ್ಲಿ ಹಲವರಿಗಿಂತ ಚೆನ್ನಾಗಿ ದುಡಿಯುತ್ತಾನೆ. ಫೋನ್ ಮಾಡಿದಾಗ ಅವನು ಕೇಳಿದ ಮೊದಲ ಪ್ರಶ್ನೆ: "ನಾನು ಪಾಸಾಗಿಲ್ವಲ್ಲ ಮಗಾ, ನಾನೂ ಬರಬಹುದಾ?"

ಎರಡು ಫೋನ್ ಕರೆ

ಗಣಿತದಲ್ಲಿ 97 ತೆಗೆದಿದ್ದ ಹುಡುಗಿಯೊಬ್ಬಳಿದ್ದಳು. ಬೋರ್ಡಿನ ಮೇಲೆ ಲೆಕ್ಕ ಅವಳು ಮಾಡಿದ ಮೇಲೆಯೇ ಮೇಷ್ಟ್ರು ಒರೆಸಲು ಬಿಡುತ್ತಿದ್ದದ್ದು. ಪಿಯುಸಿ ಮುಗಿದ ವರ್ಷವೇ ಮದುವೆ. ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಗೆಳೆಯ ಅವರ ಅಣ್ಣನ ಮೂಲಕ ನಂಬರ್ ಹುಡುಕಿದ. ನಮ್ಮಲ್ಲೇ ಒಬ್ಬಳು ಮಾತಾಡಿದಳು.

"ಇದು ನಮ್ಮ ಮನೆಯವರ ಫೋನು ಕಣೇ, ಗ್ರೂಪಿಗೆಲ್ಲ ಹಾಕ್ಬೇಡಿ."

"ಆಯ್ತು ಬಿಡು. ಕಾರ್ಯಕ್ರಮಕ್ಕೆ ಬಾ."

"ಅಲ್ಲಿ ಬಂದು ಏನು ಹೇಳ್ಲಿ? ಎಲ್ಲರೂ ಎದ್ದು ನಿಂತು ನಾನು ಇಂಥ ಕಂಪನಿ, ಇಂಥ ಪೋಸ್ಟು ಅಂತೀರ. ನಾನೇನು, ಎರಡು ಹಸು ಅನ್ಲಾ?"

ಆಮೇಲೆ ಮಾತಿಗೆ ಮಾತು ಬೆಳೆದು ಗೊತ್ತಾಗಿದ್ದು, ಅವರೂರಿನ ಮೂರು ಸ್ವಸಹಾಯ ಸಂಘಗಳ ಲೆಕ್ಕಪತ್ರ ಅವಳೇ ಬರೆಯುತ್ತಾಳೆ. ಬ್ಯಾಂಕಿನವರೇ ಬಂದು ಅವಳ ಪುಸ್ತಕ ನೋಡಿ ಬೇರೆ ಸಂಘದವರಿಗೆ ತೋರಿಸುತ್ತಾರೆ. ಅದನ್ನ ಹೇಳಿಕೊಳ್ಳುವ ವಿಷಯ ಅಂತ ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಎರಡನೇ ಕರೆ ಸುಲಭದ್ದಾಗಿರಲಿಲ್ಲ. ಗ್ರೂಪು ಬಿಟ್ಟು ಹೋದವನಿಗೆ ಮಾಡಿದ್ದು. ಬೆಂಗಳೂರಿನಲ್ಲಿ ಲಿಫ್ಟ್ ಮೆಕ್ಯಾನಿಕ್. ಅವನು ಬೈಯಲಿಲ್ಲ, ಫೋನೂ ಇಡಲಿಲ್ಲ. ನಿಧಾನವಾಗಿ ಹೇಳಿದ: "ನೀವೆಲ್ಲ ಸೈಕಲ್ಲು, ಉಪ್ಪಿಟ್ಟು ಅಂತ ನೆನಪು ಮಾಡ್ಕೊತೀರ. ನನಗೂ ನೆನಪಿದೆ. ಆದ್ರೆ ಪ್ರತಿ ವರ್ಷ ಸ್ಕಾಲರ್‌ಶಿಪ್ ಫಾರಂ ಬಂದಾಗ ಜಾತಿ ಹೆಸರು ಕೂಗಿ ಎದ್ದು ನಿಲ್ಲಿ ಅಂತಿದ್ರು. ಆರು ಜನ ಎದ್ದು ನಿಲ್ತಿದ್ವಿ. ಇಡೀ ಕ್ಲಾಸು ತಿರುಗಿ ನೋಡೋದು. ಅದು ನಿಮ್ಮ ಗ್ರೂಪಲ್ಲಿ ಯಾರಿಗಾದ್ರೂ ನೆನಪಿದೆಯಾ, ಕೇಳಿ ನೋಡಿ."

ಫೋನ್ ಮಾಡಿದ್ದ ಗೆಳೆಯ, ಅವನ ಒಪ್ಪಿಗೆ ಕೇಳಿ, ಆ ಪ್ರಶ್ನೆಯನ್ನ ಹಾಗೇ ಗ್ರೂಪಿನಲ್ಲಿ ಹಾಕಿದ. ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ. ಎಲ್ಲರೂ ಓದಿದ್ದರು, ನೀಲಿ ಟಿಕ್ ಕಾಣುತ್ತಿತ್ತು. ಆಮೇಲೆ ಒಬ್ಬಳು ಬರೆದಳು: "ನನಗೆ ನೆನಪಿದೆ. ನಾನೂ ಎದ್ದು ನಿಲ್ತಿದ್ದೆ." ಗ್ರೂಪು ಶುರುವಾದಾಗಿನಿಂದ ದಿನಾ ನಮ್ಮ ಜೊತೆ ನಗುತ್ತಿದ್ದವಳು ಅವಳು.

ಧೋನಿ ಸಿಕ್ಸರ್ ದಿನದ ಚಪ್ಪಲಿ ಯಾವ ಹೆಂಚಿನ ಮೇಲೆ ಬಿತ್ತು ಅಂತ ಹೇಳುವ ಜನ, ಮೂರು ವರ್ಷ ಕಣ್ಣ ಮುಂದೆ ನಡೆದ ಇದನ್ನ ಒಮ್ಮೆಯೂ ಎತ್ತಿರಲಿಲ್ಲ. ಕೂತವರಿಗೆ ಅದು ಎರಡು ನಿಮಿಷದ ಆಫೀಸ್ ಕೆಲಸ. ನಿಂತವರಿಗೆ ಹೈಸ್ಕೂಲು ಅಂದರೆ ಮೊದಲು ನೆನಪಾಗೋದೇ ಅದು.

ಚರ್ಚೆ ಆಯಿತು. "ಮೇಷ್ಟ್ರು ಬೇಕಂತ ಮಾಡಿದ್ದಲ್ಲ, ಅವರಿಗೆ ಪಟ್ಟಿ ಬೇಕಿತ್ತು" ಅಂತ ಒಬ್ಬ. "ಹಳೇದನ್ನೆಲ್ಲ ಈಗ್ಯಾಕೆ ಕೆದಕೋದು" ಅಂತ ಇನ್ನೊಬ್ಬ. ಅದಕ್ಕೆ ಅವಳೇ ಉತ್ತರ ಕೊಟ್ಟಳು: "ಬೇಕಂತ ಮಾಡಿದ್ರು ಅಂತ ನಾನೂ ಹೇಳ್ತಿಲ್ಲ. ಸೈಕಲ್ಲಿಂದು ಹಳೇದಲ್ವಾ? ಅದನ್ನ ಮಾತ್ರ ದಿನಾ ಕೆದಕ್ತೀರ." ಆ ಮೇಲೆ ಯಾರೂ ವಾದ ಮಾಡಲಿಲ್ಲ.

ಅವನು ಕೇಳಿದ್ದು ಒಂದೇ. ಕ್ಷಮೆ ಬೇಡ, ಸನ್ಮಾನವೂ ಬೇಡ, ಈಗಲೂ ಆ ಸ್ಕೂಲಿನಲ್ಲಿ ಹಾಗೆ ಎದ್ದು ನಿಲ್ಲಿಸ್ತಾರಾ ಅಂತ ವಿಚಾರಿಸಿ. ಇಬ್ಬರು ಹೋಗಿ ಈಗಿನ ಹೆಡ್ ಮೇಡಮ್ ಹತ್ತಿರ ಮಾತಾಡಿದರು. ಅರ್ಜಿ ಈಗ ಆನ್‌ಲೈನು, ಮೊದಲಿನ ಹಾಗೆ ಫಾರಂ ಹಂಚುವುದಿಲ್ಲ ಅಂದರು. ಆದರೂ ಜಾತಿ ಸರ್ಟಿಫಿಕೇಟು, ಬ್ಯಾಂಕ್ ಪಾಸ್‌ಬುಕ್ಕು ಬಾಕಿ ಇದ್ದವರ ಹೆಸರನ್ನ ಕ್ಲಾಸಿನಲ್ಲೇ ಕೂಗೋದು ಉಂಟು ಅಂತ ಅವರೇ ಒಪ್ಪಿಕೊಂಡರು. ಇನ್ನು ಮೇಲೆ ಒಬ್ಬೊಬ್ಬರನ್ನೇ ಆಫೀಸ್ ರೂಮಿಗೆ ಕರೆಸಿ ಹೇಳೋಣ ಅಂದರು. ಸ್ಟಾಫ್ ಮೀಟಿಂಗಿನಲ್ಲಿ ಬರೆದೂ ಇಟ್ಟರು. ನಮ್ಮ ಗುರುವಂದನೆಯಲ್ಲಿ ಸ್ಟೇಜು, ಶಾಲು, ಹಾರ ಎಲ್ಲ ಇತ್ತು. ಸ್ಕೂಲಿಗೆ ನಿಜವಾಗಿ ಕೊಟ್ಟದ್ದು ಏನು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಅವನು ಕಾರ್ಯಕ್ರಮಕ್ಕೆ ಬರಲಿಲ್ಲ. ಗ್ರೂಪಿಗೂ ಸೇರಲಿಲ್ಲ. ಆದರೆ ಇಬ್ಬರು ಮೂವರ ಜೊತೆ ಆಗಾಗ ಫೋನಿನಲ್ಲಿ ಮಾತಾಡುತ್ತಾನೆ. ಅದು ಅವನ ಇಷ್ಟ. ಎಲ್ಲರೂ ಬಂದೇ ತೀರಬೇಕು ಅನ್ನೋದು ಸ್ನೇಹ ಅಲ್ಲ.

ಬದಲಾದ ಪ್ಲಾನು

ಮೊದಲ ಪ್ಲಾನು ಹೀಗಿತ್ತು: ತಲೆಗೆ 2,000 ರೂಪಾಯಿ, ಹೊರಗೊಂದು ರೆಸಾರ್ಟು, ಎಲ್ಲರಿಗೂ ಒಂದೇ ಟೀ ಶರ್ಟು, ಸ್ಟೇಜ್ ಮೇಲೆ ಒಬ್ಬೊಬ್ಬರ ಪರಿಚಯ. ಈ ಎರಡು ಕರೆಗಳಾದ ಮೇಲೆ ಬಹಳಷ್ಟು ಬದಲಾಯಿತು. ಕೊನೆಗೆ 33 ಜನ ಬಂದರು, 97ರ ಹುಡುಗಿ ತನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದಳು. ನಿಮ್ಮಲ್ಲೂ ತಯಾರಿ ನಡೆದಿದ್ದರೆ ನಮಗೆ ಕೆಲಸಕ್ಕೆ ಬಂದ ಕೆಲವು ಮಾತು ಕೇಳಿ.

ಪಟ್ಟಿಯನ್ನ ಸ್ಕೂಲಿನಿಂದ ತನ್ನಿ, ಫೋನಿನಿಂದ ಅಲ್ಲ. ಹಾಜರಿ ಪುಸ್ತಕ ಇಲ್ಲದಿದ್ದರೆ ಅಡ್ಮಿಷನ್ ರಿಜಿಸ್ಟರ್ ಇರುತ್ತದೆ. ನೀವೇ ಬರೆದರೆ ನಿಮಗೆ ನೆನಪಿದ್ದವರು ಮಾತ್ರ ಬರುತ್ತಾರೆ. ಹತ್ತಕ್ಕೆ ಬರುವ ಮುಂಚೆಯೇ ಬಿಟ್ಟವರನ್ನೂ ಸೇರಿಸಿಕೊಳ್ಳಿ. ಎಂಟರಲ್ಲಿ ಜೊತೆಗಿದ್ದವರು ಕ್ಲಾಸ್‌ಮೇಟ್ ಅಲ್ಲವೇ?

ಜಾಗ ಸ್ಕೂಲೇ ಇರಲಿ. ರೆಸಾರ್ಟಿಗೆ ಬರಲು ಕಾರು ಬೇಕು, ಸ್ಕೂಲಿಗೆ ಬರಲು ಬಸ್ಸು ಸಾಕು. ಭಾನುವಾರ ಇಟ್ಟುಕೊಂಡು ಹೆಡ್ ಮೇಷ್ಟ್ರ ಅನುಮತಿ ಪಡೆಯಿರಿ. ಸಂಜೆ ಐದರೊಳಗೆ ಮುಗಿಸಿದರೆ ದೂರದ ಊರಿನ ಹೆಣ್ಣುಮಕ್ಕಳಿಗೆ ಬರಲು ಧೈರ್ಯ. ಮಕ್ಕಳನ್ನ, ಮನೆಯವರನ್ನ ಕರೆತರಬಹುದು ಅಂತ ಮೊದಲೇ ಸ್ಪಷ್ಟವಾಗಿ ಹೇಳಿ.

ದುಡ್ಡಿಗೆ ರೇಟು ಕಟ್ಟಬೇಡಿ. ಆದಷ್ಟು ಹಾಕಿ ಅನ್ನಿ. ಯಾರು ಎಷ್ಟು ಹಾಕಿದರು ಅಂತ ಲೆಕ್ಕ ಇಬ್ಬರ ಹತ್ತಿರ ಮಾತ್ರ ಇರಲಿ. ಖರ್ಚಿನ ಲೆಕ್ಕ ಎಲ್ಲರಿಗೂ ಗೊತ್ತಾಗಲಿ, ಆದರೆ ಹೆಸರಿನ ಮುಂದೆ ಮೊತ್ತ ಬರೆದ ಪಟ್ಟಿಯನ್ನ ಗ್ರೂಪಿನಲ್ಲಿ ಹಾಕುವ ಅಭ್ಯಾಸ ಬಿಟ್ಟರೆ ಒಳ್ಳೆಯದು. 500 ಹಾಕಿದವನು ಮತ್ತೆ ಆ ಗ್ರೂಪು ತೆರೆಯುವುದಿಲ್ಲ.

ಪರಿಚಯ ಹೇಳುವಾಗ ಕೆಲಸ ಹೇಳಬೇಡಿ. ನಾವು ಮಾಡಿದ್ದು ಇಷ್ಟೇ: ಹೆಸರು, ಯಾವ ಬೆಂಚಿನಲ್ಲಿ ಕೂರುತ್ತಿದ್ದೆ, ಯಾವ ಮೇಷ್ಟ್ರ ಕೈಲಿ ಏಟು ತಿಂದೆ. ಜೆಸಿಬಿಯವನು ಹೇಳಿದ ಏಟಿನ ಕಥೆಗೆ ಬಂದಷ್ಟು ಚಪ್ಪಾಳೆ ಯಾವ ಸೀನಿಯರ್ ಎಂಜಿನಿಯರಿಗೂ ಬರಲಿಲ್ಲ.

ಮೇಷ್ಟ್ರುಗಳಿಗೆ ತೊಂದರೆ ಕೊಡಬೇಡಿ. ರಿಟೈರ್ ಆದವರಿಗೆ ಮಂಡಿ ನೋವು, ಶುಗರು. ಎರಡು ಗಂಟೆ ಸ್ಟೇಜ್ ಮೇಲೆ ಕೂರಿಸಿ ಭಾಷಣ ಕೇಳಿಸೋದು ಸನ್ಮಾನ ಅಲ್ಲ, ಶಿಕ್ಷೆ. ಹೋಗಿ ಕರೆತರುವುದು, ಮನೆಗೆ ಬಿಡುವುದು ಒಬ್ಬರ ಜವಾಬ್ದಾರಿ ಆಗಿರಲಿ. ಅಡುಗೆ ಅಕ್ಕ, ಜವಾನರು ಇದ್ದರೆ ಅವರನ್ನೂ ಅದೇ ಸಾಲಿನ ಕುರ್ಚಿಯಲ್ಲಿ ಕೂರಿಸಿ. ನಮ್ಮ ಅಡುಗೆ ಅಕ್ಕನ ಹೆಸರು ಕರೆದಾಗ ಎದ್ದ ಶಿಳ್ಳೆಯನ್ನ ಯಾರೂ ಮರೆಯಲಾರರು.

ಸ್ಕೂಲಿಗೆ ಏನಾದರೂ ಕೊಡುವ ಮುಂಚೆ ಕೇಳಿ. ಹಳೇ ವಿದ್ಯಾರ್ಥಿಗಳು ಕೊಟ್ಟ ಗೋಡೆ ಗಡಿಯಾರ ನಮ್ಮ ಸ್ಕೂಲಿನಲ್ಲಿ ಈಗಾಗಲೇ ಆರು ಇದ್ದವು, ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಚಿಲಕ, ನೀರಿನ ಪೈಪು, ಎರಡು ಬಲ್ಬು ಹಾಕಿಸಲು ಆದ ಖರ್ಚು ಫ್ಲೆಕ್ಸಿನದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಫೋಟೋ ವಿಷಯದಲ್ಲಿ ಎಚ್ಚರ. ಕೆಲವರಿಗೆ ತಮ್ಮ ಫೋಟೋ ಫೇಸ್‌ಬುಕ್ಕಿನಲ್ಲಿ ಬರುವುದು ಬೇಡ. ನಂಬರನ್ನೂ ಅಷ್ಟೇ, ಕೇಳದೆ ಗ್ರೂಪಿಗೆ ಸೇರಿಸಬೇಡಿ.

ಹಳೇ ಪರಿಚಯದ ಬಲ

ಇಷ್ಟೆಲ್ಲ ಮಾಡಿ ಏನು ಸಿಗುತ್ತದೆ ಅಂತ ಕೇಳುವವರಿಗೆ ಒಂದು ಲೆಕ್ಕದ ಮಾತೂ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಬರೆದ ಲೇಖನವೊಂದು ಬಹಳ ಪ್ರಸಿದ್ಧ. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನ ವಿಚಾರಿಸಿದರೆ, ಹೆಚ್ಚಿನವರಿಗೆ ಸುದ್ದಿ ಸಿಕ್ಕಿದ್ದು ಅಪರೂಪಕ್ಕೆ ಸಿಗುವ ಪರಿಚಿತರಿಂದ, ಹತ್ತಿರದ ಗೆಳೆಯರಿಂದ ಅಲ್ಲ. ಕಾರಣ ಸುಲಭ. ದಿನಾ ಜೊತೆಗಿರುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಬೇರೆ ಲೋಕದ ಸುದ್ದಿ ತರೋದು ಬೇರೆ ದಾರಿ ಹಿಡಿದವರು. ಹೈಸ್ಕೂಲ್ ಕ್ಲಾಸು ಅಂದರೆ ಅದೇ ಅಲ್ಲವೇ? ಕಾಲೇಜಿನಲ್ಲಿ ನಮ್ಮ ಹಾಗೇ ಓದಿದವರು, ಆಫೀಸಿನಲ್ಲಿ ನಮ್ಮ ಹಾಗೇ ದುಡಿಯುವವರು ಸಿಗುತ್ತಾರೆ. ನರ್ಸು, ಲಿಫ್ಟ್ ಮೆಕ್ಯಾನಿಕ್ಕು, ಡೈರಿಯವನು, ಕೋಡ್ ಬರೆಯುವವಳು, ಕೊಬ್ಬರಿ ವ್ಯಾಪಾರಿ ಎಲ್ಲರೂ ಒಂದೇ ಹಾಜರಿ ಪುಸ್ತಕದಲ್ಲಿ ಇರೋದು ಹೈಸ್ಕೂಲಿನಲ್ಲಿ ಮಾತ್ರ. ನಮ್ಮಲ್ಲೊಬ್ಬನ ತಂದೆಗೆ ನಡುರಾತ್ರಿ ರಕ್ತ ಬೇಕಾದಾಗ ಓಡಿ ಬಂದದ್ದು ಮೂರು ಜನ. ಶಾಲೆಯಲ್ಲಿ ಅವರ ಜೊತೆ ಅವನು ಸರಿಯಾಗಿ ಮಾತೇ ಆಡಿರಲಿಲ್ಲ.

ಹಾಗಂತ ಗ್ರೂಪನ್ನ ಗೋಳೂ ಹೊಯ್ದುಕೊಳ್ಳಬೇಡಿ. ಇನ್ಶೂರೆನ್ಸು, ಚೀಟಿ, 'ಮೂರು ತಿಂಗಳಲ್ಲಿ ಡಬಲ್' ಸ್ಕೀಮು ಹಿಡಿದು ಬರುವ ಗೆಳೆಯ ಪ್ರತಿ ಬ್ಯಾಚಿನಲ್ಲೂ ಒಬ್ಬ ಇರುತ್ತಾನೆ. ಚುನಾವಣೆ ಬಂದರೆ ಎರಡು ಪಕ್ಷ, ಆರು ಜನ ಲೆಫ್ಟ್. ನಮ್ಮ ಗ್ರೂಪಿನಲ್ಲಿ ಈಗ ಎರಡೇ ನಿಯಮ: ಮಾರೋದು ಬೇಡ, ಫಾರ್ವರ್ಡು ಬೇಡ. ಗುಡ್ ಮಾರ್ನಿಂಗ್ ಹೂವಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೇವೆ, ಪಾಪ.

ನಮ್ಮ ಪಟ್ಟಿಯಲ್ಲಿ ಇನ್ನೂ ಎಂಟು ಹೆಸರಿನ ಮುಂದೆ ನಂಬರ್ ಇಲ್ಲ. ಅದರಲ್ಲಿ ಏಳು ಹುಡುಗಿಯರದ್ದು. ತಿಂಗಳಿಗೊಬ್ಬರನ್ನ ಹುಡುಕೋದು ಅಂತ ಮಾತಾಗಿದೆ. ಇಂಥವರ ತಂಗಿ ಇಂಥ ಊರಿಗೆ ಕೊಟ್ಟಿದೆ, ಅವರ ಸೋದರಮಾವನ ಅಂಗಡಿ ಬಸ್ ಸ್ಟ್ಯಾಂಡಿನಲ್ಲಿದೆ, ಹೀಗೆ ಎಳೆ ಹಿಡಿದು ಹೋಗಬೇಕು. ಗೂಗಲ್ಲಿನಲ್ಲಿ ಸಿಗುವ ಜನ ಅಲ್ಲ ಅವರು.

ಈ ವಾರ ಊರಿಗೆ ಹೋಗುವವರಿದ್ದರೆ ನಿಮ್ಮ ಸ್ಕೂಲಿನ ಹಳೇ ರಿಜಿಸ್ಟರ್ ಎಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ. ಎಷ್ಟು ಹೆಸರು ನಿಮ್ಮ ಗ್ರೂಪಿನಲ್ಲಿಲ್ಲ ಅಂತ ಎಣಿಸಿ. ಒಂದು ನಂಬರ್ ಸಿಕ್ಕರೂ ಮೆಸೇಜ್ ಹಾಕಬೇಡಿ, ಫೋನ್ ಮಾಡಿ. ಆ ಕಡೆಯಿಂದ "ಯಾರು?" ಅಂದಾಗ ಹೆಸರಿನ ಜೊತೆ ಯಾವ ಬೆಂಚು ಅಂತ ಹೇಳಿ, ಬೇಗ ಗುರುತು ಸಿಗುತ್ತದೆ.